ಮಟ್ಟು ಮತ್ತು ಹೆಜ್ಜೆ: ಬಾಗಲಕೋಟೆ ಪರಿಸರದ ಮೇಳಗಳಲ್ಲಿ ಮುಂದಾಳಿನ ಕಲೆ

ಉತ್ತರ ಕರ್ನಾಟಕದ ಜನಪದ ರಂಗಕಲೆಗಳನ್ನು ಕುರಿತ ಅಧ್ಯಯನವು ಬಹುಪಾಲು ಹಾಡಿನ ಪಠ್ಯವನ್ನು ಕುರಿತ ಅಧ್ಯಯನವಾಗಿಯೇ ಬೆಳೆದುಬಂದಿದೆ. ಹಲಸಂಗಿ ಗೆಳೆಯರ ಬಳಗವು ೧೯೩೧ರಲ್ಲಿ 'ಗರತಿಯ ಹಾಡು' ಸಂಕಲನವನ್ನೂ ೧೯೩೩ರಲ್ಲಿ ಲಾವಣಿಗಳ ಸಂಕಲನವಾದ 'ಜೀವನ ಸಂಗೀತ'ವನ್ನೂ ಹೊರತಂದುದು ಕನ್ನಡ ಜಾನಪದದ ಇತಿಹಾಸದಲ್ಲಿ ಒಂದು ಮಹತ್ತ್ವದ ಘಟ್ಟ. ಬಾಯಿಂದ ಬಾಯಿಗೆ ಸಾಗುತ್ತಿದ್ದ ನುಡಿಯನ್ನು ಅಚ್ಚಿನಲ್ಲಿ ಉಳಿಸಬೇಕೆಂಬ ಆ ತಲೆಮಾರಿನ ಕಾಳಜಿಯನ್ನು ಮುಂದೆ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೆತ್ತಿಕೊಂಡವು. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳ ಪಠ್ಯಗಳು ಪ್ರಕಟವಾದವು. ಪಾಠಾಂತರ, ಕರ್ತೃತ್ವ, ಕಥಾವಸ್ತುಗಳ ಚರ್ಚೆ ನಡೆಯಿತು. ಈ ಕೆಲಸದ ಮೌಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪಠ್ಯವು ಅಚ್ಚಿನ ಪುಟಕ್ಕೆ ಬಂದಾಗ ರಂಗದ ಮೇಲಿದ್ದ ಒಬ್ಬ ವ್ಯಕ್ತಿ ಪುಟದಿಂದ ಹೊರಗುಳಿದ. ಹಾಡಿನ ತಲೆಯ ಮೇಲೆ 'ಇಂಥ ಪದದ ಮಟ್ಟು' ಎಂಬ ಒಂದು ಸೂಚನೆ ಉಳಿಯಿತು. ಆ ಮಟ್ಟಿಗೆ ಯಾವ ಹೆಜ್ಜೆ, ಎಷ್ಟು ಆವರ್ತ, ಎಲ್ಲಿ ನಿಲುಗಡೆ ಎಂಬುದನ್ನು ಆಟದ ರಾತ್ರಿ ನಿರ್ಧರಿಸುತ್ತಿದ್ದವನ ವಿವೇಕಕ್ಕೆ ದಾಖಲೆಯಲ್ಲಿ ಸ್ಥಳ ದೊರೆಯಲಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪರಿಸರದ ಮೇಳಗಳಲ್ಲಿ ಈ ವ್ಯಕ್ತಿಗೆ ಒಂದೇ ಹೆಸರಿಲ್ಲ. ದೊಡ್ಡಾಟದಲ್ಲಿ ಅವನು ಭಾಗವತ. ಆಟ ಕಲಿಸುವ ತಿಂಗಳುಗಳಲ್ಲಿ ಊರವರಿಗೆ ಮಾಸ್ತರ. ಹೆಜ್ಜೆಮೇಳದಲ್ಲಿ ಮುಂದೆ ನಿಂತು ಹಾಡು ಎತ್ತಿಕೊಡುವವನು. ಕರಡಿ ಮಜಲಿನಲ್ಲಿ ಮುಖ್ಯ ಕರಡಿಯನ್ನು ನುಡಿಸುವವನು; ಹೋಳಿಯ ಹಲಗೆಯಲ್ಲಿ ಗತ್ತನ್ನು ಬದಲಿಸುವವನು. ಹೆಸರು ಬೇರೆಯಾದರೂ ಕೆಲಸ ಒಂದೇ: ನುಡಿಯುತ್ತಿರುವ ವಾದ್ಯಕ್ಕೂ ಕುಣಿಯುತ್ತಿರುವ ಕಾಲಿಗೂ ನಡುವೆ ನಿಂತು ಎರಡನ್ನೂ ಹೊಂದಿಸುವುದು. ಪ್ರಸ್ತುತ ಪ್ರಬಂಧದಲ್ಲಿ ಇವರೆಲ್ಲರಿಗೂ ಸಾಮಾನ್ಯವಾಗಿ 'ಮುಂದಾಳು' ಎಂಬ ಪದವನ್ನು ಬಳಸಲಾಗಿದೆ. ಮಟ್ಟನ್ನು ಹೆಜ್ಜೆಗೆ ಹೊಂದಿಸುವ ಈ ಕೆಲಸ ಯಾಂತ್ರಿಕವಾದುದಲ್ಲ, ಅದು ಪ್ರತಿ ಪ್ರದರ್ಶನದಲ್ಲೂ ಹೊಸದಾಗಿ ನಡೆಯುವ ಅರ್ಥನಿರ್ಣಯ ಎಂಬುದು ಇಲ್ಲಿನ ಪ್ರಮುಖ ವಾದ. ಅದನ್ನು ಗುರುತಿಸದೆ ಮಾಡುವ ಸಂರಕ್ಷಣೆಯು ಕಲೆಯ ಹೊರರೂಪವನ್ನಷ್ಟೇ ಉಳಿಸಬಲ್ಲುದು.

೧. ಮೂರು ಪದಗಳು

ಈ ಕಲೆಯ ಪರಿಭಾಷೆಯನ್ನು ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ. 'ಮಟ್ಟು' ಎಂಬ ಪದಕ್ಕೆ ಕನ್ನಡದಲ್ಲಿ ಹಾಡಿನ ಧಾಟಿ ಎಂಬ ಅರ್ಥವಿರುವಂತೆ ಅಳತೆ, ಮಿತಿ ಎಂಬ ಅರ್ಥಗಳೂ ಇವೆ. ಜನಪದ ಕಲಾವಿದನಿಗೆ ಮಟ್ಟು ಎಂದರೆ ಕೇವಲ ಸ್ವರಗಳ ಏರಿಳಿತವಲ್ಲ. ಅದು ನುಡಿಯನ್ನು ಅಳೆಯುವ ಕೊಳಗ. ಹೊಸ ಪದವನ್ನು ಕಟ್ಟುವವನು ಹಳೆಯ ಮಟ್ಟೊಂದನ್ನು ಹಿಡಿದು ತನ್ನ ಮಾತುಗಳನ್ನು ಅದರಲ್ಲಿ ತುಂಬುತ್ತಾನೆ. ಕುಣಿಯುವವನ ಕಾಲೂ ಅದೇ ಕೊಳಗದಲ್ಲಿ ಅಳತೆಗೊಳ್ಳಬೇಕು.

'ಮಜಲು' ಎಂಬುದು ಎರಡನೆಯ ಪದ. ಪ್ರಯಾಣದಲ್ಲಿ ಒಂದು ಹಂತ, ಒಂದು ತಂಗುದಾಣ ಎಂಬ ಅರ್ಥದ ಈ ಪದವು ಕರಡಿ ಮಜಲು, ಹಲಗೆ ಮಜಲು ಎಂಬ ಹೆಸರುಗಳಲ್ಲಿ ವಾದ್ಯಮೇಳಕ್ಕೆ ಸಂದಿದೆ. ಮೆರವಣಿಗೆಯ ವಾದ್ಯಕ್ಕೆ ಈ ಹೆಸರು ಬಂದಿರುವುದು ಔಚಿತ್ಯಪೂರ್ಣವಾಗಿದೆ. ನುಡಿಸಾಣಿಕೆಯು ವಿಳಂಬದಲ್ಲಿ ತೊಡಗಿ ಹಂತಹಂತವಾಗಿ ದ್ರುತಕ್ಕೆ ಏರುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಗಳಿಗೆಯನ್ನು ಮುಂದಾಳು ಆರಿಸುತ್ತಾನೆ. ಕರಡಿಯ ಜೊತೆಯಲ್ಲಿ ಸನಾದಿ, ಶ್ರುತಿ, ತಾಳಗಳು ಸೇರುವ ಈ ಮೇಳದಲ್ಲಿ ಸನಾದಿಯು ಮಟ್ಟನ್ನು ಹಿಡಿದಿಟ್ಟರೆ ಕರಡಿಯು ಅದರ ನಡೆಯನ್ನು ನಿರ್ಧರಿಸುತ್ತದೆ.

ಮೂರನೆಯದು 'ಹೆಜ್ಜೆ'. ಹೆಜ್ಜೆಮೇಳವು ತನ್ನ ಹೆಸರನ್ನೇ ಅದರಿಂದ ಪಡೆದಿದೆ. ಇಲ್ಲಿ ಹೆಜ್ಜೆ ಎಂದರೆ ಕಾಲಿನ ಒಂದು ಚಲನೆಯಲ್ಲ, ಒಂದು ಪೂರ್ಣ ಘಟಕ: ಮುಂದೆ ಹೋಗಿ, ಹಿಂದೆ ಸರಿದು, ತಿರುಗಿ, ಮತ್ತೆ ಮೊದಲಿನ ಸ್ಥಾನಕ್ಕೆ ಬಂದು ನಿಲ್ಲುವವರೆಗಿನ ವಿನ್ಯಾಸ. ಹೀಗೆ ಮಟ್ಟು ಅಳತೆಯನ್ನೂ, ಮಜಲು ಏರಿಕೆಯನ್ನೂ, ಹೆಜ್ಜೆ ವಿನ್ಯಾಸವನ್ನೂ ಸೂಚಿಸುತ್ತವೆ. ಈ ಮೂರರ ಕೂಡುವಿಕೆಯೇ ಮುಂದಾಳಿನ ಕಾರ್ಯಕ್ಷೇತ್ರ.

ಈ ಪ್ರದೇಶದಲ್ಲಿ ಕುಣಿತ ಮತ್ತು ವಾದ್ಯಗಳ ಸಂಬಂಧದ ಶಿಲ್ಪಸಾಕ್ಷ್ಯ ಬಹು ಹಳೆಯದು. ಆರನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನ ಬದಿಯಲ್ಲಿ ಗಣಪತಿಯೊಂದಿಗೆ ವಾದ್ಯ ನುಡಿಸುವವನನ್ನೂ ಶಿಲ್ಪಿ ಕಂಡರಿಸಿದ್ದಾನೆ. ಇದರಿಂದ ಇಂದಿನ ಮೇಳಗಳ ಪ್ರಾಚೀನತೆ ಸಿದ್ಧವಾಗುವುದಿಲ್ಲ. ಅಂಥ ನೇರ ಸಂಬಂಧ ಕಲ್ಪಿಸುವುದು ಸಂಶೋಧನೆಯ ಶಿಸ್ತಲ್ಲ. ಕುಣಿತವನ್ನು ಕೆತ್ತುವಾಗ ನುಡಿಸುವವನನ್ನು ಬಿಡಲಾಗದೆಂಬ ತಿಳಿವಳಿಕೆ ಆ ಶಿಲ್ಪಿಗೆ ಇತ್ತೆಂಬುದಷ್ಟೇ ಇಲ್ಲಿ ಗಮನಾರ್ಹ.

೨. ದೊಡ್ಡಾಟದ ಭಾಗವತ

ಮೂಡಲಪಾಯದ ವರ್ಗಕ್ಕೆ ಸೇರುವ ದೊಡ್ಡಾಟದಲ್ಲಿ ಹಿಮ್ಮೇಳವು ಪಾತ್ರಧಾರಿಗಳ ಹಿಂದೆ ನಿಲ್ಲುತ್ತದೆ. ಭಾಗವತನ ಕೈಯಲ್ಲಿ ತಾಳ. ಪಕ್ಕದಲ್ಲಿ ಮದ್ದಳೆ, ಹಾರ್ಮೋನಿಯಂ. ಪಾತ್ರಧಾರಿಗಳು ಬಹುಮಟ್ಟಿಗೆ ಒಕ್ಕಲುತನದವರು, ನೇಕಾರರು, ಕೂಲಿಕಾರರು. ಬಿಡುವಿನ ತಿಂಗಳುಗಳಲ್ಲಿ ಕಲಿತು ಒಂದೆರಡು ರಾತ್ರಿ ಆಡುವವರು. ಅವರ ಕಲಿಕೆಯ ಮಟ್ಟ ಸಮಾನವಾಗಿರುವುದಿಲ್ಲ. ಒಬ್ಬನ ಕಂಠ ಚೆನ್ನಾಗಿದ್ದು ಕಾಲು ಭಾರವಾಗಿರಬಹುದು; ಇನ್ನೊಬ್ಬನ ಕುಣಿತ ಸೊಗಸಾಗಿದ್ದು ತಾಳದ ಅರಿವು ಕಡಿಮೆಯಿರಬಹುದು. ಕಿರೀಟ, ಭುಜಕೀರ್ತಿಗಳ ಭಾರವೂ ಅವರ ಮೇಲಿರುತ್ತದೆ. ಒಂದೇ ಪದವನ್ನು ಈ ಇಬ್ಬರಿಗೂ ಒಂದೇ ರೀತಿಯಲ್ಲಿ ಹಾಡಲು ಬರುವುದಿಲ್ಲ. ಭಾಗವತನು ಮೊದಲನೆಯವನಿಗೆ ನುಡಿಯನ್ನು ಎಳೆದು ಹೆಜ್ಜೆಯನ್ನು ಮೊಟಕುಗೊಳಿಸುತ್ತಾನೆ. ಎರಡನೆಯವನಿಗೆ ನುಡಿಯನ್ನು ಬೇಗ ಮುಗಿಸಿ ಮದ್ದಳೆಗೆ ಅವಕಾಶ ಕೊಡುತ್ತಾನೆ.

ಈ ಹೊಂದಾಣಿಕೆಯ ಒಳಲೆಕ್ಕವನ್ನು ಒಂದು ಸರಳ ಉದಾಹರಣೆಯಿಂದ ವಿವರಿಸಬಹುದು. ಪದವು ಎಂಟು ಮಾತ್ರೆಗಳ ಆವರ್ತದಲ್ಲಿ ಸಾಗುತ್ತಿದ್ದು, ಪಾತ್ರಧಾರಿಗೆ ಬರುವ ಹೆಜ್ಜೆಯು ಮೂರು ಎಣಿಕೆಯದಾಗಿದೆ ಎಂದಿಟ್ಟುಕೊಳ್ಳೋಣ. ಹೆಜ್ಜೆಯನ್ನು ಮುರಿಯದೆ ಬಿಟ್ಟರೆ ಅದು ಎಂಟು ಸಲ ಆವರ್ತಿಸಿ ಇಪ್ಪತ್ತನಾಲ್ಕು ಮಾತ್ರೆಗಳಾದ ಮೇಲೆ, ಅಂದರೆ ತಾಳದ ಮೂರು ಆವರ್ತಗಳು ಮುಗಿದ ಮೇಲೆ, ಮತ್ತೆ ಸಮಕ್ಕೆ ಬಂದು ಸೇರುತ್ತದೆ. ನಡುವಿನ ಹೊತ್ತೆಲ್ಲ ಕಾಲು ಒಂದು ಕಡೆ, ತಾಳ ಒಂದು ಕಡೆ ಎಳೆಯುತ್ತಿರುತ್ತವೆ. ನೋಡುವವರಲ್ಲಿ ಒಂದು ಬಗೆಯ ಕಾತರ ಹುಟ್ಟುತ್ತದೆ. ಇದರ ಬದಲು ಪ್ರತಿ ಆವರ್ತದಲ್ಲಿಯೂ ಮೂರು, ಮೂರು, ಎರಡು ಎಂದು ಹೆಜ್ಜೆಯನ್ನು ಕತ್ತರಿಸಿದರೆ ಕಾಲು ಪ್ರತಿ ಸಲವೂ ಸಮದ ಮೇಲೆ ಊರುತ್ತದೆ. ಕುಣಿತಕ್ಕೆ ನಿಲುವು, ಗಾಂಭೀರ್ಯಗಳು ಬರುತ್ತವೆ. ಯುದ್ಧಸನ್ನದ್ಧನಾದ ವೀರನ ಕೋಪಕ್ಕೆ ಮೊದಲನೆಯದು ತಕ್ಕುದು. ಸಿಂಹಾಸನಸ್ಥನಾದ ಅರಸನ ಪ್ರವೇಶಕ್ಕೆ ಎರಡನೆಯದು. ಇವೆರಡರಲ್ಲಿ ಒಂದನ್ನು ಆರಿಸುವಾಗ ಭಾಗವತನು ಪಾತ್ರದ ಸ್ವಭಾವವನ್ನೇ ನಿರ್ಣಯಿಸುತ್ತಿರುತ್ತಾನೆ. ಪಠ್ಯದಲ್ಲಿರುವ ನುಡಿ ಎರಡು ಸಂದರ್ಭಗಳಲ್ಲೂ ಒಂದೇ. ಅರ್ಥ ಮಾತ್ರ ಬೇರೆ.

ಶ್ರೀಕೃಷ್ಣ ಪಾರಿಜಾತದಲ್ಲಿ ಈ ಹೊಣೆ ಇನ್ನಷ್ಟು ಸಂಕೀರ್ಣವಾಗುತ್ತದೆ. ಅಪರಾಳ ತಮ್ಮಣ್ಣನ ಕೃತಿಯು ಕುಲಗೋಡ ತಮ್ಮಣ್ಣನ ಕೈಯಲ್ಲಿ ರಂಗರೂಪ ಪಡೆದು, ಕೃಷ್ಣಾ ಮತ್ತು ಘಟಪ್ರಭೆಯ ಸೀಮೆಯಲ್ಲೆಲ್ಲ ಹರಡಿತು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಮೇಳ ಕಟ್ಟಿ ಅದಕ್ಕೆ ಅಪಾರ ಜನಪ್ರಿಯತೆ ತಂದುಕೊಟ್ಟಳು. ಇಲ್ಲಿ ಭಾಗವತನು ಹಿಂದೆ ನಿಂತು ಹಾಡುವುದಲ್ಲದೆ ದೂತಿಯೊಡನೆ, ಕೃಷ್ಣನೊಡನೆ ಸಂಭಾಷಣೆಗೂ ಇಳಿಯುತ್ತಾನೆ. ಹಾಸ್ಯದ ಮಾತು ಎಷ್ಟು ಹೊತ್ತು ಬೆಳೆಯುವುದೆಂದು ಮೊದಲೇ ಹೇಳಲಾಗದು. ಮಾತಿನ ಕೊನೆಯಲ್ಲಿ ಪದ ಎತ್ತಿಕೊಳ್ಳುವ ಗಳಿಗೆ ತಪ್ಪಿದರೆ ಸತ್ಯಭಾಮೆಯ ಮುನಿಸು ಸಪ್ಪೆಯಾಗುತ್ತದೆ. ಆ ಗಳಿಗೆಯನ್ನು ಹಿಡಿಯುವುದು ಭಾಗವತನ ಹೊಣೆ.

೩. ಓಣಿಯಲ್ಲಿ ಮತ್ತು ಅಂಗಳದಲ್ಲಿ

ರಂಗವಿಲ್ಲದ ಕುಣಿತಗಳಲ್ಲಿ ಮುಂದಾಳಿನ ಲೆಕ್ಕಾಚಾರಕ್ಕೆ ಸ್ಥಳವೂ ಸೇರಿಕೊಳ್ಳುತ್ತದೆ. ಮೊಹರಂ ಸಂದರ್ಭದಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳಿಗೆ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಊರವರು ಹೆಜ್ಜೆ ಹಾಕುತ್ತಾರೆ. ಮುಂದಾಳು ಒಂದು ಸಾಲನ್ನು ಎತ್ತಿಕೊಡುತ್ತಾನೆ. ಉಳಿದವರು ಅದನ್ನು ಮರುನುಡಿಯುತ್ತ ಹೆಜ್ಜೆ ಹಾಕುತ್ತಾರೆ. ಸಾಲು ಮರುನುಡಿಗೊಳ್ಳುವ ಅವಧಿಯೇ ಹೆಜ್ಜೆಯನ್ನು ಪೂರೈಸಿಕೊಳ್ಳುವ ಅವಧಿಯೂ ಆಗಿರುತ್ತದೆ. ಹೊಸಬರು ಸೇರಿದ್ದಾಗ ಮುಂದಾಳು ಅದೇ ಸಾಲನ್ನು ಮತ್ತೊಮ್ಮೆ ಎತ್ತಿಕೊಡುವುದು ಅವರಿಗೆ ಕಲಿಕೆಯ ಅವಕಾಶ. ಪಳಗಿದವರ ಮೇಳದಲ್ಲಿ ಸಾಲು ಮುಗಿಯುವ ಮೊದಲೇ ಮುಂದಿನದನ್ನು ಎತ್ತುವುದು ಒಂದು ಸವಾಲು. ಪುರವಂತಿಕೆಯಲ್ಲಿ ಈ ಸಂಬಂಧ ತಿರುಗುಮುರುಗಾಗುತ್ತದೆ. ಅಲ್ಲಿ ಒಡಪು ಹೇಳುವವನ ಗದ್ಯಲಯದ ಮಾತು ನಿಂತ ಕ್ಷಣವೇ ವಾದ್ಯ ಏರಬೇಕು. ಮಾತಿನ ನಿಲುಗಡೆಯೇ ವಾದ್ಯಕ್ಕೆ ಕರೆ.

ಬಾಗಲಕೋಟೆಯ ಹೋಳಿಯು ನಾಡಿನಲ್ಲಿ ಹೆಸರಾದುದು. ಹಬ್ಬದ ದಿನಗಳಲ್ಲಿ ಕಿಲ್ಲಾ, ವೆಂಕಟಪೇಟೆ ಮೊದಲಾದ ಓಣಿಗಳ ಮೇಳಗಳು ಹಲಗೆ ಬಾರಿಸುತ್ತ ಹೊರಡುವಾಗ ಅಲ್ಲಿ ಪ್ರೇಕ್ಷಕರೂ ಕುಣಿಯುವವರೂ ಬೇರೆಬೇರೆಯಲ್ಲ. ಇಕ್ಕಟ್ಟಾದ ಓಣಿಯಲ್ಲಿ ಹಲಗೆಯ ಸದ್ದು ಗೋಡೆಗಳಿಗೆ ತಾಗಿ ಮರಳುತ್ತದೆ. ಗತ್ತನ್ನು ಏರಿಸಿದರೆ ಸದ್ದು ಒಂದರ ಮೇಲೊಂದು ಬಿದ್ದು ಹೆಜ್ಜೆ ತಪ್ಪುತ್ತದೆ. ಚೌಕಕ್ಕೆ ಬಂದಾಗ ಸದ್ದು ಬಿಡಿಸಿಕೊಳ್ಳುತ್ತದೆ; ಅಲ್ಲಿ ಮಜಲು ಏರಿಸಬಹುದು. ಹೀಗೆ ಊರಿನ ರಚನೆಯೂ ನುಡಿಸಾಣಿಕೆಯ ಒಂದು ಅಂಗವಾಗಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ ಕುಟುಂಬಗಳು ನವನಗರಕ್ಕೆ ಸ್ಥಳಾಂತರಗೊಂಡಾಗ ಬದಲಾದದ್ದು ಮನೆಯ ವಿಳಾಸ ಮಾತ್ರವಲ್ಲ. ಅಗಲವಾದ, ನೇರವಾದ ರಸ್ತೆಗಳ ಬಡಾವಣೆಯಲ್ಲಿ ಓಣಿಯ ತಿರುವನ್ನು ನೋಡಿ ಗತ್ತು ಬದಲಿಸುವ ತಿಳಿವಳಿಕೆಗೆ ಆಧಾರವಿಲ್ಲ. ಮುಳುಗಡೆಯ ನಷ್ಟವನ್ನು ಲೆಕ್ಕಹಾಕಿದ ಯಾವ ಪಟ್ಟಿಯಲ್ಲಿಯೂ ಸೇರಿಸಲಾಗದ ನಷ್ಟವಿದು.

೪. ಹೊರಗಿನ ಒಂದು ಹೋಲಿಕೆ

ಪಾಶ್ಚಾತ್ಯ ಜನಪದ ನೃತ್ಯಗಳಲ್ಲಿಯೂ ಇಂಥ ಮುಂದಾಳು ಇದ್ದಾನೆ. ಅಮೆರಿಕದ ಸ್ಕ್ವೇರ್ ಮತ್ತು ಕಾಂಟ್ರಾ ನೃತ್ಯಗಳಲ್ಲಿ ವಾದ್ಯವೃಂದದ ಪಕ್ಕದಲ್ಲಿ ನಿಂತು, ಮುಂದಿನ ವಿನ್ಯಾಸವನ್ನು ಕೂಗಿ ಹೇಳುವವನನ್ನು 'ಕಾಲರ್' ಎಂದು ಕರೆಯುತ್ತಾರೆ. ಕಾಂಟ್ರಾ ನೃತ್ಯದ ಮಟ್ಟು ಸಾಮಾನ್ಯವಾಗಿ ಎರಡು ಭಾಗಗಳದು. ಪ್ರತಿ ಭಾಗವನ್ನು ಎರಡೆರಡು ಸಲ ನುಡಿಸಿದಾಗ ಅರುವತ್ತನಾಲ್ಕು ಹೆಜ್ಜೆಗಳ ಒಂದು ಸುತ್ತು ಪೂರ್ತಿಯಾಗುತ್ತದೆ. ವಿನ್ಯಾಸವು ಆ ಸುತ್ತಿನೊಳಗೆ ಸರಿಯಾಗಿ ಅಡಕವಾಗಬೇಕು. ಕಾಲರ್ ತನ್ನ ಕರೆಯನ್ನು ಹೆಜ್ಜೆಗಿಂತ ತುಸು ಮೊದಲು ಕೊಡಬೇಕು. ನೆಗೆಯುವ ಕುಣಿತಕ್ಕೆ ಒಂದು ಬಗೆಯ ಮಟ್ಟು, ಜಾರುವ ಕುಣಿತಕ್ಕೆ ಇನ್ನೊಂದು ಬಗೆಯ ಮಟ್ಟು ಎಂದು ವಾದ್ಯಗಾರರೊಂದಿಗೆ ಸಮಾಲೋಚಿಸಬೇಕು. ನರ್ತಕರಿಗೆ ವಿನ್ಯಾಸ ರೂಢಿಯಾದ ಮೇಲೆ ಅವನು ಮೌನವಾಗುತ್ತಾನೆ.

ಈ ಹೋಲಿಕೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಟ್ಟನ್ನೂ ಹೆಜ್ಜೆಯನ್ನೂ ಹೊಂದಿಸುವುದು ತನ್ನದೇ ಆದ ಒಂದು ವಿದ್ಯೆ. ಅದು ಗಾಯನದ ಅಥವಾ ನರ್ತನದ ಉಪಾಂಗವಲ್ಲ. ಎರಡನೆಯದಾಗಿ, ಕಾಲರ್‌ನ ಮೌನವು ಅವನ ಯಶಸ್ಸಿನ ಗುರುತಾದರೆ ಭಾಗವತನ ಮೌನವು ಆಟದ ಅಂತ್ಯವೇ ಸರಿ. ಕಾಲರ್‌ನ ಮಟ್ಟು ನಿಶ್ಚಿತ ಉದ್ದದ್ದು. ಭಾಗವತನ ಮಟ್ಟು ಕಥೆಗೆ, ಪಾತ್ರಧಾರಿಯ ಉಸಿರಿಗೆ, ಬೆಳಗಿನ ಜಾವದ ಪ್ರೇಕ್ಷಕರ ಎಚ್ಚರಕ್ಕೆ ಅನುಗುಣವಾಗಿ ಹಿಗ್ಗಿ ಕುಗ್ಗುವಂಥದು. ಅವನ ಕರೆಯು ಪ್ರತ್ಯೇಕ ಮಾತಾಗಿ ಕೇಳಿಸುವುದಿಲ್ಲ. ತಾಳವನ್ನು ಎತ್ತಿ ಹಿಡಿಯುವುದು, ಕೊನೆಯ ಸಾಲನ್ನು ಮತ್ತೊಮ್ಮೆ ಹಾಡುವುದು, ಮದ್ದಳೆಯವನ ಕಡೆಗೆ ತಿರುಗುವುದು ಮೊದಲಾದ ಸನ್ನೆಗಳಲ್ಲಿ ಅದು ಅಡಗಿರುತ್ತದೆ. ಸಂಶೋಧಕರ ಕಣ್ಣಿಗೆ ಅದು ಬೀಳದಿರುವುದಕ್ಕೆ ಇದೂ ಒಂದು ಕಾರಣ.

೫. ಎರವಲು ಮಟ್ಟುಗಳ ಪ್ರಶ್ನೆ

ಜನಪದ ಮೇಳಗಳ ಅವನತಿಗೆ ಸಿನಿಮಾ ಮಟ್ಟುಗಳೇ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಈ ಅಭಿಪ್ರಾಯ ಪುನರ್ವಿಮರ್ಶೆಗೆ ಅರ್ಹವಾಗಿದೆ. ಉತ್ತರ ಕರ್ನಾಟಕದ ಮೇಳಗಳು ಮಟ್ಟುಗಳ ವಿಷಯದಲ್ಲಿ ಎಂದೂ ಮಡಿವಂತಿಕೆಯನ್ನು ಪಾಲಿಸಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಸಾಂಗಲಿಯಲ್ಲಿ ಮರಾಠಿ ನಾಟಕವನ್ನು ಆರಂಭಿಸಿದರು. ಅವರ ನಾಟಕಗಳಲ್ಲಿ ಹಾಡಿನ ಹೊಣೆ ಭಾಗವತನಂಥ ಸೂತ್ರಧಾರನದಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ 'ಶಾಕುಂತಲ' ೧೮೮೦ರಲ್ಲಿ ರಂಗಕ್ಕೆ ಬಂದಾಗ ಪಾತ್ರಧಾರಿಗಳೇ ಹಾಡತೊಡಗಿದರು. ಆ ನಾಟ್ಯಸಂಗೀತದ ಮಟ್ಟುಗಳು ಮರಳಿ ಕನ್ನಡ ಕಂಪನಿ ನಾಟಕಗಳಿಗೂ ಪಾರಿಜಾತದ ಮೇಳಗಳಿಗೂ ಬಂದವು. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರ 'ರಕ್ತರಾತ್ರಿ'ಯಂಥ ನಾಟಕಗಳನ್ನು ಕಂಡ ಪ್ರೇಕ್ಷಕರೇ ದೊಡ್ಡಾಟಕ್ಕೂ ಪ್ರೇಕ್ಷಕರಾಗಿದ್ದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಹಾಡು ಸುತ್ತಲಿನ ಹಳ್ಳಿಗಳಿಗೆ ಹೋಗುವುದು ಸಹಜವೇ ಆಗಿತ್ತು. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದ ವಾದ್ಯವೇ.

ಆದ್ದರಿಂದ ಮಟ್ಟಿನ ಮೂಲ ಯಾವುದೆಂಬುದು ನಿರ್ಣಾಯಕ ಪ್ರಶ್ನೆಯಲ್ಲ. ಬಂದ ಮಟ್ಟನ್ನು ಹೆಜ್ಜೆಗೆ ಬಗ್ಗಿಸುವ ಸಾಮರ್ಥ್ಯ ಮೇಳದಲ್ಲಿ ಉಳಿದಿದೆಯೇ ಎಂಬುದು ನಿರ್ಣಾಯಕ. ನಾಟ್ಯಗೀತೆಯ ದೀರ್ಘವಾದ ಆಲಾಪವನ್ನು ಕುಣಿತಕ್ಕೆ ಒಗ್ಗಿಸಲು ಭಾಗವತನು ಅದರ ಎಳೆತವನ್ನು ಕತ್ತರಿಸಿ, ಪಲ್ಲವಿಯನ್ನು ಮುಂದಿಟ್ಟು, ನುಡಿಯ ಕೊನೆಗೆ ಮದ್ದಳೆಯ ಮುಕ್ತಾಯವನ್ನು ಸೇರಿಸಬೇಕು. ಇಷ್ಟಾದ ಮೇಲೆ ಆ ಮಟ್ಟು ಎರವಲಿನದಾಗಿ ಉಳಿಯುವುದಿಲ್ಲ. ಸಿನಿಮಾ ಮಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಬಗ್ಗಿಸದೆ ಇದ್ದಹಾಗೆಯೇ ತಂದ ಮಟ್ಟು ಕುಣಿತವನ್ನು ತನ್ನ ಅಡಿಯಾಳಾಗಿ ಮಾಡಿಕೊಳ್ಳುತ್ತದೆ. ಅವನತಿಯ ಮಾತು ಅಲ್ಲಿ ಸಾರ್ಥಕವಾಗುತ್ತದೆ.

೬. ಧ್ವನಿಮುದ್ರಿತ ಹಿಮ್ಮೇಳ

ಈ ಹಿನ್ನೆಲೆಯಲ್ಲಿ ಇಂದಿನ ನಿಜವಾದ ಆತಂಕವನ್ನು ಗುರುತಿಸಬಹುದು. ಶಾಲೆ, ಕಾಲೇಜುಗಳ ಸ್ನೇಹಸಮ್ಮೇಳನಗಳಲ್ಲಿ, ಸಾರ್ವಜನಿಕ ಉತ್ಸವಗಳಲ್ಲಿ ಜನಪದ ಕುಣಿತಕ್ಕೆ ಧ್ವನಿಮುದ್ರಿತ ಹಿಮ್ಮೇಳವನ್ನು ಬಳಸುವುದು ರೂಢಿಯಾಗಿದೆ. ಮೊದಲು ಕ್ಯಾಸೆಟ್ ಇತ್ತು, ಅನಂತರ ಸಿಡಿ ಬಂತು, ಈಗ ಮೊಬೈಲ್ ಫೋನ್. ಸಾಧನ ಯಾವುದಾದರೂ ಪರಿಣಾಮ ಒಂದೇ. ಮುದ್ರಿತ ಮಟ್ಟು ಕುಣಿಯುವವನನ್ನು ನೋಡುವುದಿಲ್ಲ. ಅವನು ದಣಿದರೆ ನಿಧಾನಿಸುವುದಿಲ್ಲ. ಅವನು ಸೊಗಸಾಗಿ ಕುಣಿದರೆ ಇನ್ನೊಂದು ಆವರ್ತ ಕೊಡುವುದಿಲ್ಲ. ಹೊಂದಾಣಿಕೆಯ ಹೊಣೆಯೆಲ್ಲ ಕಾಲಿನ ಮೇಲೆಯೇ ಬೀಳುತ್ತದೆ. ಎಲ್ಲರ ಹೆಜ್ಜೆಯೂ ಒಂದೇ ಅಚ್ಚಿನದಾಗಿ, ಅದು ಅಚ್ಚುಕಟ್ಟುತನವೆಂದು ಮೆಚ್ಚುಗೆಯನ್ನೂ ಪಡೆಯುತ್ತದೆ.

ಧ್ವನಿಮುದ್ರಿತ ಸಂಗೀತಕ್ಕೆ ಅವಕಾಶ ಕೊಡದ ಸ್ಪರ್ಧೆಗಳೂ ಇವೆ ಎಂಬುದು ಸಮಾಧಾನದ ಸಂಗತಿ. ಆದರೆ ಅಲ್ಲಿಯೂ ಕಾಲಮಿತಿಯು ಇನ್ನೊಂದು ಬಗೆಯ ಯಂತ್ರವಾಗಿ ಕೆಲಸ ಮಾಡುತ್ತದೆ. ರಾತ್ರಿಯಿಡೀ ಏರಬೇಕಾದ ಮಜಲನ್ನು ಕೆಲವೇ ನಿಮಿಷಗಳಲ್ಲಿ ಏರಿಸಬೇಕಾದಾಗ ವಿಳಂಬದ ಹಂತ ಬಿಟ್ಟುಹೋಗುತ್ತದೆ. ಮೇಳವು ದ್ರುತದಲ್ಲಿಯೇ ತೊಡಗಿ ದ್ರುತದಲ್ಲಿಯೇ ಮುಗಿಯುತ್ತದೆ. ಪ್ರೇಕ್ಷಕರು ಅದನ್ನೇ ಮೂಲರೂಪವೆಂದು ತಿಳಿಯುತ್ತಾರೆ. ಕಲಾವಿದರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಹಿಮ್ಮೇಳದ ನಾಲ್ಕಾರು ಜನರಿಗೆ ಸಂಭಾವನೆ, ಪ್ರಯಾಣ, ಊಟಗಳ ವೆಚ್ಚವನ್ನು ಭರಿಸಲಾರದ ಮೇಳವು ಮುದ್ರಿತ ಹಾಡಿನ ಮೊರೆಹೋದರೆ ಅದು ಅಭಿರುಚಿಯ ದೋಷವಲ್ಲ, ಆರ್ಥಿಕ ಅನಿವಾರ್ಯತೆ.

ದಾಖಲೀಕರಣದ ಕ್ರಮದಲ್ಲಿಯೂ ಇದೇ ಕೊರತೆ ಕಾಣುತ್ತದೆ. ಕ್ಯಾಮೆರಾ ಕುಣಿಯುವವರ ಮೇಲೆ ನೆಟ್ಟಿರುತ್ತದೆ. ಭಾಗವತನ ಕೈ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಪಠ್ಯ ಸಂಗ್ರಹದ ಕಾಲದಲ್ಲಿ ಪುಟದಿಂದ ಹೊರಗುಳಿದವನು ದೃಶ್ಯಮುದ್ರಣದ ಕಾಲದಲ್ಲಿ ತೆರೆಯಿಂದಲೂ ಹೊರಗುಳಿಯುತ್ತಾನೆ.

೭. ಮುಂದಿನ ಅಧ್ಯಯನದ ದಿಕ್ಕು

ಬಯಲಾಟ ಅಕಾಡೆಮಿಯ ಕೇಂದ್ರವು ಬಾಗಲಕೋಟೆಯಲ್ಲಿಯೇ ಇರುವುದರಿಂದ ಈ ಕೆಲಸಕ್ಕೆ ಅನುಕೂಲವಾದ ನೆಲೆಯೊಂದು ಒದಗಿದೆ. ಒಂದೇ ಪದವನ್ನು ಒಬ್ಬನೇ ಭಾಗವತನು ಬೇರೆಬೇರೆ ಪಾತ್ರಧಾರಿಗಳಿಗೆ ಹಾಡುವುದನ್ನು ಮುದ್ರಿಸಿ, ಆವರ್ತಗಳನ್ನೂ ಹೆಜ್ಜೆಗಳನ್ನೂ ಅಕ್ಕಪಕ್ಕದಲ್ಲಿ ಗುರುತಿಸುವ ಕೋಷ್ಟಕಗಳು ಸಿದ್ಧವಾಗಬೇಕು. ಅಂತಿಮ ಪ್ರದರ್ಶನಕ್ಕಿಂತ ತಾಲೀಮಿನ ದಾಖಲೆಗೆ ಹೆಚ್ಚಿನ ಬೆಲೆ ಬರಬೇಕು. ಮಾಸ್ತರನು ಯಾವುದನ್ನು ತಿದ್ದುತ್ತಾನೆ, ಯಾವುದನ್ನು ಬಿಟ್ಟುಕೊಡುತ್ತಾನೆ ಎಂಬುದು ತಾಲೀಮಿನಲ್ಲಿಯೇ ಕಾಣುವಂಥದು. ಪ್ರಕಟವಾಗುವ ಪಠ್ಯಗಳಲ್ಲಿ ಮಟ್ಟಿನ ಹೆಸರಿನೊಂದಿಗೆ ತಾಳ, ನಡೆ, ಹೆಜ್ಜೆಯ ಎಣಿಕೆ, ಮುಕ್ತಾಯದ ಸ್ಥಾನಗಳು ನಮೂದಾಗಬೇಕು. ಕಲಾವಿದರ ನೆರವಿನ ಯೋಜನೆಗಳಲ್ಲಿ ಹಿಮ್ಮೇಳವನ್ನು ಪ್ರತ್ಯೇಕವಾಗಿ ಪರಿಗಣಿಸುವುದೂ ಅಗತ್ಯ.

ಜನಪದ ಕುಣಿತದ ಚೆಲುವನ್ನು ಸಮೂಹದ ಸೃಷ್ಟಿಯೆಂದು ವಿವರಿಸುವುದು ವಾಡಿಕೆ. ಆ ವಿವರಣೆ ತಪ್ಪಲ್ಲ, ಆದರೆ ಅಪೂರ್ಣ. ಸಮೂಹವು ಒಂದಾಗಿ ಕಾಲೂರುವ ಪ್ರತಿ ಗಳಿಗೆಯ ಹಿಂದೆ ಒಬ್ಬನ ನಿರ್ಣಯವಿರುತ್ತದೆ. ಆ ನಿರ್ಣಯವು ಎದುರಿಗಿರುವವರನ್ನು ನೋಡಿ ಮಾಡಿದುದಾಗಿರುತ್ತದೆ. ಪದಗಳನ್ನು ಅಚ್ಚು ಉಳಿಸಿದೆ, ಧಾಟಿಗಳನ್ನು ಧ್ವನಿಮುದ್ರಣ ಉಳಿಸಬಲ್ಲುದು. ನೋಡಿ ನಿರ್ಣಯಿಸುವ ವಿದ್ಯೆಯನ್ನು ಮಾತ್ರ ಮತ್ತೊಬ್ಬ ಮನುಷ್ಯನೇ ಕಲಿತು ಉಳಿಸಬೇಕು. ಅಂಥ ಕಲಿಕೆಗೆ ತಾಲೀಮಿನ ಮನೆ, ಜೀವಂತ ಹಿಮ್ಮೇಳ, ರಾತ್ರಿಯಷ್ಟು ಉದ್ದದ ಬಿಡುವು ಈ ಮೂರೂ ಬೇಕು.